ಕೆರೆ ನೀರಿನ ಭರವಸೆ

ಓದುಗರ ಪತ್ರ: ನನಗೆ 34 ವರ್ಷ. ಎಂಟು ವರ್ಷಗಳಿಂದ ಎಚ್‌ಐವಿಗೆ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಆರೋಗ್ಯವಾಗಿದ್ದೇನೆ. ಬೆಂಗಳೂರಿನಲ್ಲಿ ಫಿಲ್ಟರ್ ನೀರು ಕುಡಿದು ಬೆಳೆದ ನನ್ನ ಸಂಗಾತಿಗೂ ಎಚ್‌ಐವಿ ಇದೆ; ಅವನೂ ಮಾತ್ರೆಯಲ್ಲಿದ್ದಾನೆ. ಹೆಪಟೈಟಿಸ್ ಎ ಲಸಿಕೆ ಹಾಕಿಸಿಕೊಳ್ಳಲು ವೈದ್ಯರು ಹೇಳಿದ್ದಾರೆ. ಕೆರೆ ನೀರು, ಬಾವಿ ನೀರು ಕುಡಿದು ಬೆಳೆದ, ಚಿಕ್ಕಂದಿನಲ್ಲಿ ಕಾಮಾಲೆಯನ್ನೂ ಕಂಡ ನನಗೆ ಇದು ಬೇಕೆ? ಇದು ಶ್ರೀಮಂತ ದೇಶಗಳ ಭಯವಲ್ಲವೆ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಮಾತಿನಲ್ಲಿ ಹುರುಳಿದೆ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಹೆಪಟೈಟಿಸ್ ಎ ಎಂಬುದು ಕೊಳೆ ನೀರು, ಆಹಾರದಿಂದ ಹರಡಿ ಯಕೃತ್ತಿಗೆ ತಗುಲುವ ವೈರಸ್ ಸೋಂಕು. ನೈರ್ಮಲ್ಯ ಸಾಲದ ಪ್ರದೇಶಗಳಲ್ಲಿ ನೂರಕ್ಕೆ ತೊಂಬತ್ತು ಮಕ್ಕಳಿಗೆ ಹತ್ತು ವರ್ಷ ತುಂಬುವ ಮೊದಲೇ ಈ ಸೋಂಕು ತಗುಲಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎಳೆಯರಲ್ಲಿ ಅದು ಬಂದದ್ದೂ ಹೋದದ್ದೂ ಹೆಚ್ಚಾಗಿ ಗೊತ್ತಾಗುವುದಿಲ್ಲ. ಆದರೆ ಅದು ಬಿಟ್ಟುಹೋಗುವ ರಕ್ಷಣೆ ಜೀವಮಾನವಿಡೀ ಉಳಿಯುತ್ತದೆ. ನಿಮ್ಮ ರಕ್ತದಲ್ಲಿ ಅದು ಇರಲೂಬಹುದು. ಆದರೆ ‘ಇರಬಹುದು’ ಎಂಬುದನ್ನು ‘ಇದೆ’ ಎಂದು ಓದಿಕೊಳ್ಳುವ ನಮ್ಮ ಅಭ್ಯಾಸದ ಮೇಲೆ ನನಗೆ ಹಳೆಯ ಸಿಟ್ಟಿದೆ.

ಬಾಲ್ಯದ ಕಾಮಾಲೆಯನ್ನೇ ನೋಡೋಣ. ಕನಿಷ್ಠ ಐದು ವೈರಸ್‌ಗಳಿಂದ ಬರಬಹುದಾದ ಕಾಯಿಲೆಗೆ ನಮ್ಮ ಆಡುಮಾತಿನಲ್ಲಿರುವುದು ಆ ಒಂದೇ ಹೆಸರು. 1955–56ರಲ್ಲಿ ಯಮುನೆಯ ನೀರು ಕೆಟ್ಟು ದೆಹಲಿಯಲ್ಲಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆ ಬಂದಾಗ ಅದು ಹೆಪಟೈಟಿಸ್ ಎ ಎಂದೇ ಬಹುಕಾಲ ನಂಬಲಾಗಿತ್ತು. ಕಾದಿರಿಸಿದ್ದ ರಕ್ತದ ಮಾದರಿಗಳನ್ನು ದಶಕಗಳ ನಂತರ ಪರೀಕ್ಷಿಸಿದಾಗ ಅದು ಎ ಅಲ್ಲವೆಂದೂ, ಇನ್ನೂ ಮುಂದೆ ಅದು ಬೇರೆಯೇ ವೈರಸ್ಸಾದ ಹೆಪಟೈಟಿಸ್ ಇ ಎಂದೂ ತಿಳಿಯಿತು. ಇಡೀ ರಾಜಧಾನಿಯ ವೈದ್ಯರಿಗೇ ತಿಳಿಯದೆ ಹೋದದ್ದನ್ನು ನಿಮ್ಮ ಬಾಲ್ಯದ ನೆನಪು ಹೇಗೆ ನಿರ್ಣಯಿಸೀತು?

ನಾನೂ ಹಳ್ಳಿಯವನೇ. ಪದವಿ ಓದುವಾಗ ನಮ್ಮ ಹಾಸ್ಟೆಲಿನ ನೀರಿನ ತೊಟ್ಟಿಗೆ ಚರಂಡಿ ನೀರು ಸೇರಿ, ಒಂದೇ ತಿಂಗಳಲ್ಲಿ ಒಂಬತ್ತು ಹುಡುಗರ ಕಣ್ಣು ಹಳದಿಯಾಯಿತು. ಹಳ್ಳಿಗಳಿಂದ ಬಂದಿದ್ದ ನಾವು ಅದೇ ನೀರು ಕುಡಿದು, ಅದೇ ಸಾರು ಉಂಡು ಓಡಾಡಿಕೊಂಡಿದ್ದೆವು; ಮಲಗಿದವರಲ್ಲಿ ಹೆಚ್ಚಿನವರು ಕಾಯಿಸಿ ಆರಿಸಿದ ನೀರಿನಲ್ಲಿ ಬೆಳೆದ ಪೇಟೆಯ ಹುಡುಗರು. ನಮ್ಮ ಗಟ್ಟಿ ಹೊಟ್ಟೆಯ ಬಗ್ಗೆ ಎಷ್ಟು ಜಂಬ ಕೊಚ್ಚಿಕೊಂಡೆವೋ! ಕೀರ್ತಿಯೆಲ್ಲ ಅಡುಗೆಯವರ ನೆಲನೆಲ್ಲಿ ಕಷಾಯಕ್ಕೆ ಸಂದಿತು. ತಾನಾಗಿಯೇ ಇಳಿಯುವ ರೋಗಕ್ಕೆ ಏನು ಕುಡಿಸಿದರೂ ಅದು ದಿವ್ಯೌಷಧವೇ. ಆ ಪೇಟೆಯ ಹುಡುಗರ ಜಾಗದಲ್ಲಿ ಇಂದು ನಿಮ್ಮ ಸಂಗಾತಿ ನಿಂತಿದ್ದಾರೆ. ನೀರು ಸೋಸಿ ಕುಡಿಯುವ ಮನೆಗಳು ಹೆಚ್ಚಿದಂತೆಲ್ಲ ಬಾಲ್ಯದ ಸೋಂಕು ತಪ್ಪುತ್ತದೆ, ಅದರೊಡನೆ ಬಿಟ್ಟಿಯಾಗಿ ಸಿಗುತ್ತಿದ್ದ ರಕ್ಷಣೆಯೂ ತಪ್ಪುತ್ತದೆ. ದೊಡ್ಡವರಾದ ಮೇಲೆ ಬರುವ ಹೆಪಟೈಟಿಸ್ ಎ ಮಕ್ಕಳಾಟವಲ್ಲ. ವಾರಗಟ್ಟಲೆ ಮಲಗಿಸುತ್ತದೆ, ಅಪರೂಪಕ್ಕೆ ಯಕೃತ್ತನ್ನೇ ಕೆಡಿಸಿ ಪ್ರಾಣ ತೆಗೆಯುತ್ತದೆ.

ತೈವಾನಿನಲ್ಲಿ ನಡೆದದ್ದು ಇದೇ. ಶುದ್ಧ ನೀರು ಮನೆಮನೆಗೆ ಬಂದು, ಯುವಕರಲ್ಲಿ ಈ ರಕ್ಷಣೆ ಹೆಚ್ಚುಕಡಿಮೆ ಬತ್ತಿಹೋಗಿದ್ದ ಆ ದ್ವೀಪದಲ್ಲಿ 2015ರ ಮಧ್ಯಭಾಗದಿಂದ ಹೆಪಟೈಟಿಸ್ ಎ ಏರತೊಡಗಿ, 2016ರಲ್ಲಿ ಪ್ರಕರಣಗಳು ಸಾವಿರ ದಾಟಿದವು. ರೋಗಿಗಳಲ್ಲಿ ಹೆಚ್ಚಿನವರು ಪುರುಷರೊಂದಿಗೆ ಲೈಂಗಿಕ ಸಂಬಂಧವಿದ್ದ ಯುವ ಪುರುಷರು; ಅವರಲ್ಲಿ ಅನೇಕರು ಎಚ್‌ಐವಿಯೊಂದಿಗೆ ಬದುಕುತ್ತಿದ್ದವರು. ಅದೇ ಹೊತ್ತಿಗೆ ಯುರೋಪಿನ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಇದೇ ಕಥೆ ನಡೆಯಿತು. ಮಲದ ಕಣ್ಣಿಗೆ ಕಾಣದಷ್ಟು ಅಂಶ ಬಾಯಿ ಸೇರಿದರೆ ಸಾಕಾಗುವ ಈ ವೈರಸ್‌ಗೆ ನೀರೊಂದೇ ದಾರಿಯಲ್ಲ, ಹಾಸಿಗೆಯೂ ದಾರಿಯೇ; ಕಾಂಡೋಮ್ ಒಂದರಿಂದಲೇ ಅದನ್ನು ತಡೆಯಲಾಗದು. ತೈವಾನ್ ಸರ್ಕಾರ ಉಪದೇಶ ಮಾಡುತ್ತ ಕೂರದೆ, ಹೊಸದಾಗಿ ಎಚ್‌ಐವಿ ಪತ್ತೆಯಾದವರಿಗೆ ಲಸಿಕೆಯ ಒಂದು ಡೋಸನ್ನು ಉಚಿತವಾಗಿ ಕೊಡತೊಡಗಿತು. ಆಮೇಲೆ ರೋಗ ಇಳಿಯಿತು.

ಎಚ್‌ಐವಿ ಇದ್ದವರ ರಕ್ತದಲ್ಲಿ ಈ ವೈರಸ್ ಹೆಚ್ಚು ಕಾಲ ಉಳಿಯುತ್ತದೆ. ಹಾಗಾಗಿ ಇತರರಿಗೆ ದಾಟುವ ಅವಧಿಯೂ ದೀರ್ಘವಾಗಬಹುದು. ಕಾಮಾಲೆ ಬಂದಾಗ ವಾಂತಿಯಿಂದಲೋ ಹೆದರಿಕೆಯಿಂದಲೋ ಎಆರ್‌ಟಿ ಮಾತ್ರೆ ತಪ್ಪಿದರೆ ವರ್ಷಗಳ ಶ್ರಮಕ್ಕೇ ಧಕ್ಕೆ. ನಿಮ್ಮ ಮಾತ್ರೆಯಲ್ಲಿ ಟೆನೊಫೋವಿರ್, ಲ್ಯಾಮಿವುಡಿನ್ ಇದ್ದರೆ ಅವು ಹೆಪಟೈಟಿಸ್ ಬಿ ವೈರಸ್ಸನ್ನು ಹತ್ತಿಕ್ಕುತ್ತವೆ, ಎ ವೈರಸ್ಸನ್ನಲ್ಲ.

ಆದ್ದರಿಂದ ವಾದ ಬಿಟ್ಟು ರಕ್ತ ಕೊಡಿ. ಕೇಳಬೇಕಾದದ್ದು ಹಳೆಯ ಸೋಂಕು ಬಿಟ್ಟುಹೋದ ರಕ್ಷಣೆಯನ್ನು, ಅಂದರೆ ಪ್ರತಿಕಾಯವನ್ನು, ತೋರಿಸುವ ಹೆಪಟೈಟಿಸ್ ಎ ಐಜಿಜಿ ಪರೀಕ್ಷೆ. ಐಜಿಎಂ ಅಲ್ಲ, ಅದು ಈಗಷ್ಟೇ ತಗುಲಿದ ಸೋಂಕನ್ನು ಹೇಳುವಂಥದು. ಐಜಿಜಿ ಇದ್ದರೆ ನೀವೇ ಗೆದ್ದಿರಿ, ಲಸಿಕೆ ಬೇಡ. ಇಲ್ಲದಿದ್ದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ನಮ್ಮಲ್ಲಿ ಜೀವಂತ ವೈರಸ್‌ನ ಲಸಿಕೆಯೂ ಮಾರಾಟಕ್ಕಿದೆ. ಎಚ್‌ಐವಿ ಇರುವ ನಿಮಗೆ ಬೇಕಾದದ್ದು ನಿಷ್ಕ್ರಿಯಗೊಳಿಸಿದ ವೈರಸ್‌ನದು. ರೋಗ ತಡೆಯುವ ಬಿಳಿ ರಕ್ತಕಣಗಳ ಲೆಕ್ಕವಾದ ಸಿಡಿ4 ಎಣಿಕೆ ಕಡಿಮೆಯಿದ್ದವರಲ್ಲಿ ಲಸಿಕೆ ಸರಿಯಾಗಿ ನಾಟದಿರಬಹುದು. ಆದ ಕಾರಣ ಕೊನೆಯ ಡೋಸ್ ಆಗಿ ಒಂದು ತಿಂಗಳ ಮೇಲೆ ಪ್ರತಿಕಾಯ ಮೂಡಿದೆಯೇ ಎಂದು ಮತ್ತೆ ನೋಡಿಸಬೇಕು.

ಈಗ ನನ್ನ ದೂರು. ಕಳೆದ ವರ್ಷ ನಾನೇ ಒಂದು ಲಸಿಕೆ ಹಾಕಿಸಿಕೊಳ್ಳಲು ಹೋದಾಗ ದಾದಿ ನನ್ನ ಹಿಂದೆ ಇಣುಕಿ ನೋಡಿ, ‘ಮಗು ಎಲ್ಲಿ ಸರ್?’ ಎಂದರು. ಅವರ ತಪ್ಪಿಲ್ಲ. ಪೋಲಿಯೊವನ್ನು ಮನೆಬಾಗಿಲಿನಲ್ಲೇ ಗೆದ್ದ ದೇಶದಲ್ಲಿ ಬೆಳೆದವರ ಲಸಿಕೆಗೆ ಹೇಳಿಕೊಳ್ಳುವಂಥ ಚೀಟಿಯೂ ಇಲ್ಲ, ಬಾಗಿಲೂ ಇಲ್ಲ. ಎಆರ್‌ಟಿ ಮಾತ್ರೆಯನ್ನು 2004ರಿಂದ ಉಚಿತವಾಗಿ ಕೊಡುತ್ತಿರುವ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಎ ಮಕ್ಕಳಿಗೂ ಇಲ್ಲ. ದೇಶದಲ್ಲೇ ಅಭಿವೃದ್ಧಿಪಡಿಸಿದ ಲಸಿಕೆ 2024ರಲ್ಲಿ ಹೈದರಾಬಾದಿನಿಂದ ಮಾರುಕಟ್ಟೆಗೆ ಬಂತು. ಅದನ್ನು ಕೊಳ್ಳಬಲ್ಲವರು ಕೊಳ್ಳುತ್ತಾರೆ. ‘ಇದು ಶ್ರೀಮಂತರ ಭಯ’ ಎಂಬ ನಿಮ್ಮ ಮಾತು ಲಸಿಕೆಯ ಮಟ್ಟಿಗೆ ಸುಳ್ಳು, ಅದರ ಬೆಲೆಯ ಮಟ್ಟಿಗೆ ನಿಜ.

ಪತ್ರದ ತುಂಬ ನಿಮ್ಮ ಕೆರೆ, ನಿಮ್ಮ ಬಾವಿ. ಸಂಗಾತಿಯ ನೀರಿನ ಬಗ್ಗೆ ಒಂದೇ ಸಾಲು. ರಕ್ತ ಕೊಡಲು ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ.