ಗ್ಲೇಜ್ ಕೆಟ್ಟಿತೆಂದು ಡಬ್ಬಿಯನ್ನು ದೂರಬೇಡಿ: ಕುಂಬಾರಿಕೆ ಹವ್ಯಾಸಿಗಳ ನಾಲ್ಕು ಪ್ರಶ್ನೆಗಳು

ಪ್ರಶ್ನೆ: ತಿಗರಿಯಲ್ಲಿ ಲೋಟ, ಬಟ್ಟಲು ಮಾಡಿ, ಒಮ್ಮೆ ಬಿಸ್ಕ್ (ಗ್ಲೇಜ್ ಹಾಕುವ ಮೊದಲಿನ ಸುಡುವಿಕೆ) ಸುಟ್ಟು, ಸಿದ್ಧ ಗ್ಲೇಜ್‌ನಲ್ಲಿ (ಸುಟ್ಟಾಗ ಗಾಜಿನಂತಾಗುವ ಲೇಪ) ಅದ್ದಿ ಮತ್ತೆ ಸುಡುತ್ತೇನೆ. ಹಿಡಿಕೆಯ ಬುಡದಲ್ಲಿ ಗ್ಲೇಜ್ ಹಿಂದೆ ಸರಿದು ಬೋಳು ಮಣ್ಣು ಕಾಣುತ್ತದೆ. ಉಳಿದೆಡೆ ಸೂಜಿ ಚುಚ್ಚಿದ ಹಾಗೆ ತೂತುಗಳು. ಬೇರೆ ಬ್ರ್ಯಾಂಡ್ ಕೊಳ್ಳಬೇಕೇ?

ಇನ್ನೂ ಬೇಡ. ಇವು ಎರಡು ಬೇರೆ ಬೇರೆ ದೋಷಗಳು. ಸಾಮಾನ್ಯವಾಗಿ ಎರಡೂ ಗ್ಲೇಜ್ ಕರಗುವುದಕ್ಕೆ ಮೊದಲೇ ಹುಟ್ಟಿರುತ್ತವೆ.

ಮೊದಲು ಹಿಡಿಕೆಯ ಬುಡ. ಅದ್ದಿದ ಗ್ಲೇಜ್ ಅಲ್ಲಿನ ಮೂಲೆಯಲ್ಲಿ ಮಡುಗಟ್ಟಿ ದಪ್ಪವಾಗುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಕಿಲ್ನ್‌ನಲ್ಲಿ, ಅಂದರೆ ಪಾತ್ರೆ ಸುಡುವ ಕುಲುಮೆಯಲ್ಲಿ, ಕರಗಿದ ಮೇಲೆ ಬಿರುಕಿನ ಎರಡು ಅಂಚುಗಳೂ ಒಂದರಿಂದ ಒಂದು ದೂರ ಸರಿದು ಗುಂಡಗಾಗುತ್ತವೆ. ಹಾಗಾಗಿ ಸುಡುವ ಮೊದಲೇ ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಒಣಗಿದ ಲೇಪದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿ ಗ್ಲೇಜ್ ಸರಿಯುವ ಸಾಧ್ಯತೆ ಹೆಚ್ಚು. ಅಂಥ ಪಾತ್ರೆಯನ್ನು ಪೂರ್ತಿ ತೊಳೆದು, ಕನಿಷ್ಠ ಒಂದು ದಿನ ಒಣಗಲು ಬಿಟ್ಟು, ಹೊಸದಾಗಿ ಅದ್ದಿ. ಒಣಗಿದ ಲೇಪದ ಮೇಲೆ ಎರಡನೇ ಕೋಟ್ ಹಾಕಿದರೂ ಇದೇ ಗತಿ, ಏಕೆಂದರೆ ಕೆಳಗಿನ ಪದರ ಮತ್ತೆ ನೆನೆದು ಉಬ್ಬಿ ಮಣ್ಣಿನಿಂದ ಬಿಟ್ಟುಕೊಳ್ಳುತ್ತದೆ.

ದಪ್ಪವನ್ನು ಕಣ್ಣಂದಾಜಿಗೆ ಬಿಡಬೇಡಿ. ಗ್ಲೇಜನ್ನು ತಳದಿಂದ ಚೆನ್ನಾಗಿ ಕಲಕಿ, ಸರಿಯಾಗಿ 100 ಮಿ.ಲೀ. ಅಳೆದು ತೂಗಿ. ಅದ್ದುವ ಗ್ಲೇಜ್ ಸಾಮಾನ್ಯವಾಗಿ 140ರಿಂದ 150 ಗ್ರಾಂ ತೂಗಬೇಕು. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಅದ್ದಿ ಹಿಡಿಯುವುದು 2-3 ಸೆಕೆಂಡ್ ಸಾಕು. ಒಣಗಿದ ಲೇಪವನ್ನು ಸೂಜಿಯಿಂದ ಗೀಚಿದರೆ ಸುಮಾರು 1 ಮಿ.ಮೀ. ದಪ್ಪ ಇರಬೇಕು. ತಳದ ಅಂಚಿನಿಂದ 3 ಮಿ.ಮೀ. ಮೇಲಿನವರೆಗೆ ಗ್ಲೇಜ್ ಒರೆಸಿಬಿಡಿ. ಇಲ್ಲದಿದ್ದರೆ ಪಾತ್ರೆ ಕಿಲ್ನ್‌ನೊಳಗಿನ ಶೆಲ್ಫಿಗೆ ಅಂಟಿಕೊಳ್ಳುತ್ತದೆ.

ಧೂಳು, ಬೆರಳಿನ ಜಿಡ್ಡು ಮತ್ತು ಕೈಗೆ ಹಚ್ಚಿದ ಕ್ರೀಮ್ ಕೂಡ ಗ್ಲೇಜನ್ನು ಸರಿಸುತ್ತವೆ. ಬಿಸ್ಕ್ ಪಾತ್ರೆಯನ್ನು ಹಿಂಡಿದ ಸ್ಪಂಜಿನಿಂದ ಒರೆಸಿ, ಒಣಗಿಸಿ, ಆಮೇಲೆ ಅದ್ದಿ.

ಸೂಜಿತೂತುಗಳ ಮೂಲ ಹೆಚ್ಚಾಗಿ ಬಿಸ್ಕ್ ಸುಡುವಿಕೆಯಲ್ಲಿದೆ. ಮಣ್ಣಿನಲ್ಲಿರುವ ಸಾವಯವ ವಸ್ತು ಮತ್ತು ಕಾರ್ಬೊನೇಟ್‌ಗಳು ಆಗಲೇ ಉರಿದು ಅನಿಲವಾಗಿ ಹೊರಹೋಗಬೇಕು. ಬಿಸ್ಕ್ ಅವಸರದಲ್ಲಿ ಮುಗಿದಿದ್ದರೆ ಆ ಅನಿಲ ಎರಡನೇ ಸುಡುವಿಕೆಯಲ್ಲಿ ಕರಗಿದ ಗ್ಲೇಜನ್ನು ಸೀಳಿಕೊಂಡು ಬರುತ್ತದೆ. 700ರಿಂದ 900 ಡಿಗ್ರಿ ಸೆಲ್ಸಿಯಸ್ ನಡುವೆ ನಿಧಾನವಾಗಿ ಏರಿಸಿ, ಗಾಳಿ ಆಡಲು ದಾರಿ ಬಿಡಿ, ಕೋನ್ 04ರವರೆಗೆ, ಅಂದರೆ ಸುಮಾರು 1060 ಡಿಗ್ರಿಯವರೆಗೆ ಸುಡಿ. ಕೋನ್ ಎಂದರೆ ಇಂತಿಷ್ಟು ಸುಟ್ಟಾಗ ಬಾಗುವ ಸಣ್ಣ ಶಂಕು; ಅದರ ಸಂಖ್ಯೆ ಸುಡುವಿಕೆಯ ಮಟ್ಟವನ್ನು ಹೇಳುತ್ತದೆ. ಗ್ಲೇಜ್ ಸುಡುವಾಗ ಕೊನೆಯ ತಾಪದಲ್ಲಿ 10-15 ನಿಮಿಷ ನಿಲ್ಲಿಸಿದರೆ ಒಡೆದ ಗುಳ್ಳೆಗಳ ಕುಳಿಗಳು ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಹಾಗೆ ನಿಲ್ಲಿಸುವುದರಿಂದ ಸುಡುವಿಕೆಯೂ ಹೆಚ್ಚುತ್ತದೆ, ಹರಿಯುವ ಗ್ಲೇಜ್ ಇನ್ನಷ್ಟು ಹರಿದೀತು. ಮೀಟರಿನ ಅಂಕಿಯೊಂದನ್ನೇ ನಂಬದೆ ಪ್ರತಿ ಶೆಲ್ಫಿನಲ್ಲೂ ಒಂದು ಕೋನ್ ಇಡಿ. ಮೇಲಿನ ಶೆಲ್ಫಿನಲ್ಲಿ ಬಾಗಿದ ಕೋನ್ ಕೆಳಗೆ ನೆಟ್ಟಗೇ ನಿಂತಿರುವುದು ಅಪರೂಪವಲ್ಲ.

ಪ್ರಶ್ನೆ: ಸುಟ್ಟಾಗ ನುಣುಪಾಗಿದ್ದ ಬಟ್ಟಲಿನ ಒಳಗೆ ಕೆಲವು ವಾರಗಳ ನಂತರ ಬಲೆಯಂಥ ಗೆರೆಗಳು ಮೂಡಿವೆ. ಊಟಕ್ಕೆ ಬಳಸಬಹುದೇ? ನಿಂಬೆಹಣ್ಣಿನ ಪರೀಕ್ಷೆ ಸಾಕೇ?

ಊಟಕ್ಕೆ ಬೇಡ. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಅದು ಸದಾ ಎಳೆತದಲ್ಲಿರುತ್ತದೆ, ಕೊನೆಗೆ ಸೀಳುತ್ತದೆ. ವಾರಗಳ ನಂತರ ಸೀಳಿದೆ ಎಂದರೆ ಮಣ್ಣು ಪೂರ್ತಿ ಬೆಂದಿಲ್ಲ, ತೇವ ಹೀರಿ ಸ್ವಲ್ಪ ಹಿಗ್ಗಿದೆ ಎಂಬ ಅನುಮಾನ ಬಲವಾಗುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅದೇ ಮಣ್ಣಿನ, ಅದೇ ತಾಪಕ್ಕೆ ಸುಟ್ಟ, ಗ್ಲೇಜ್ ಇಲ್ಲದ ತುಂಡನ್ನು ತೂಗಿ. 5 ಗಂಟೆ ಕುದಿಸಿ, ಅದೇ ನೀರಿನಲ್ಲಿ 24 ಗಂಟೆ ಬಿಟ್ಟು, ಮೇಲಿನ ತೇವ ಒರೆಸಿ ಮತ್ತೆ ತೂಗಿ. 100 ಗ್ರಾಂ ತುಂಡು 104 ಗ್ರಾಂ ಆದರೆ ಹೀರಿಕೆ ಶೇ 4. ಸ್ಟೋನ್‌ವೇರ್ (ಹೆಚ್ಚು ತಾಪದಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಊಟದ ಪಾತ್ರೆಗೆ ಇದು ಶೇ 2ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು.

ಇನ್ನೂ ಹೆಚ್ಚಿನ ತಾಪ ಬೇಕಾದ ಕೋನ್ 10ರ ಮಣ್ಣಿಗೆ ಕೋನ್ 6ರ ಗ್ಲೇಜ್ ಹಾಕಿ ಕೋನ್ 6ಕ್ಕೆ ಸುಡುವುದು ಹವ್ಯಾಸಿಗಳಲ್ಲಿ ತೀರಾ ಸಾಮಾನ್ಯ. ಗ್ಲೇಜ್ ಕರಗುತ್ತದೆ, ಹೊಳೆಯುತ್ತದೆ, ಆದರೆ ಒಳಗಿನ ಮಣ್ಣು ಹಸಿಯಾಗಿಯೇ ಉಳಿಯುತ್ತದೆ. ಮಣ್ಣಿನ ಚೀಲದ ಮೇಲಿರುವ ಕೋನ್ ಮತ್ತು ಡಬ್ಬಿಯ ಮೇಲಿರುವ ಕೋನ್ ಎರಡನ್ನೂ ಹೊಂದಿಸಿಯೇ ಕೊಳ್ಳಿ. ಗ್ಲೇಜ್ ನೀವೇ ಬೆರೆಸುವುದಾದರೆ ಸಿಲಿಕಾವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಪ್ರತಿ ಬಾರಿ ಪರೀಕ್ಷಾ ಬಿಲ್ಲೆ ಸುಟ್ಟು ನೋಡಿ. ಸಿಲಿಕಾ ಏರಿದಷ್ಟೂ ಗ್ಲೇಜಿನ ಕುಗ್ಗುವಿಕೆ ಇಳಿಯುತ್ತದೆ. ಅತಿಯಾದರೆ ಮಾತ್ರ ಉಲ್ಟಾ ಅಪಾಯ: ಅಂಚಿನಲ್ಲಿ ಗ್ಲೇಜ್ ಗಾಜಿನ ಚೂರುಗಳಾಗಿ ಸಿಡಿಯುತ್ತದೆ. ಅಂಥ ಪಾತ್ರೆಯನ್ನು ಒಡೆದುಹಾಕಿ, ಯಾರಿಗೂ ಕೊಡಬೇಡಿ.

ನಿಂಬೆಯ ಹೋಳನ್ನು 24 ಗಂಟೆ ಇಟ್ಟಾಗ ಬಣ್ಣ ಮಾಸಿದರೆ ಆ ಗ್ಲೇಜ್ ಆಹಾರಕ್ಕೆ ಅನರ್ಹ. ಮಾಸದಿದ್ದರೆ ಸುರಕ್ಷಿತ ಎಂದು ಅರ್ಥವಲ್ಲ, ಏಕೆಂದರೆ ಸೀಸ ಮತ್ತು ಕ್ಯಾಡ್ಮಿಯಂ ಕಣ್ಣಿಗೆ ಕಾಣದಂತೆ ಕರಗಿ ಬರಬಲ್ಲವು. ಪ್ರಯೋಗಾಲಯದಲ್ಲಿ ಶೇ 4ರ ಅಸಿಟಿಕ್ ಆಮ್ಲವನ್ನು ಪಾತ್ರೆಯಲ್ಲಿ 24 ಗಂಟೆ ಇಟ್ಟು ಈ ಲೋಹಗಳನ್ನು ಅಳೆಯುತ್ತಾರೆ. ಮಾರುವ ಅಥವಾ ಉಡುಗೊರೆ ಕೊಡುವ ಊಟದ ಪಾತ್ರೆಗಳಿಗೆ ಆ ಪರೀಕ್ಷೆಯೇ ಬೇಕು. ಡಬ್ಬಿಯ ಮೇಲಿನ ‘ಆಹಾರಕ್ಕೆ ಸುರಕ್ಷಿತ’ ಎಂಬ ಮಾತು ತಯಾರಕರು ಹೇಳಿದ ಕೋನ್‌ಗೆ ಸುಟ್ಟಾಗ ಮಾತ್ರ ನಿಲ್ಲುತ್ತದೆ. ಅದರ ಮೇಲೆ ಇನ್ನೊಂದು ಗ್ಲೇಜ್ ಬಳಿದರೆ ಆ ಭರವಸೆ ಮುಗಿಯಿತು. ಒಳಗೆ ಬಣ್ಣದ ಆಕ್ಸೈಡ್ ಇಲ್ಲದ ಪಾರದರ್ಶಕ ಅಥವಾ ಬಿಳಿ ಗ್ಲೇಜ್ ಹಾಕಿ, ಬಣ್ಣದಾಟವನ್ನೆಲ್ಲ ಹೊರಗೆ ಇಟ್ಟುಕೊಳ್ಳಿ.

ಪ್ರಶ್ನೆ: ಮನೆಯ ಒಂದು ಕೋಣೆಯೇ ನನ್ನ ಸ್ಟುಡಿಯೋ. ದಿನವೂ ಗುಡಿಸುತ್ತೇನೆ, ಬಟ್ಟೆಯ ಮಾಸ್ಕ್ ಹಾಕುತ್ತೇನೆ. ಕಿಲ್ನ್ ಕೂಡ ಅಲ್ಲೇ ಇಡಬಹುದೇ?

ದಯವಿಟ್ಟು ಇಂದಿನಿಂದಲೇ ಪೊರಕೆ ನಿಲ್ಲಿಸಿ. ಈ ಅಂಕಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಡಿ.

ಒದ್ದೆ ಮಣ್ಣು ನಿರುಪದ್ರವಿ. ಒಣಗಿ ಪುಡಿಯಾದಾಗ ಅದರಲ್ಲಿರುವ ಸ್ಫಟಿಕ ಸಿಲಿಕಾ ಗಾಳಿಗೆ ಏರುತ್ತದೆ. ಕಣ್ಣಿಗೆ ಕಾಣುವ ಧೂಳು ಬೇಗ ಕೆಳಗೆ ಕೂರುತ್ತದೆ. ಸುಮಾರು 4 ಮೈಕ್ರಾನ್‌ಗಿಂತ ಸಣ್ಣ ಕಣಗಳು ಕಾಣುವುದೂ ಇಲ್ಲ, ಗಂಟೆಗಟ್ಟಲೆ ಇಳಿಯುವುದೂ ಇಲ್ಲ, ಮತ್ತು ಶ್ವಾಸಕೋಶದ ತೀರಾ ಒಳಗೆ ಸೇರುವುದು ಅವೇ. ವರ್ಷಾನುಗಟ್ಟಲೆ ಸೇರುತ್ತಾ ಹೋದರೆ ಸಿಲಿಕೋಸಿಸ್ ಬರಬಹುದು. ಗಾಯಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಮೇಜನ್ನು ಮಣ್ಣು ಒಣಗುವ ಮೊದಲೇ ಒದ್ದೆ ಸ್ಪಂಜಿನಿಂದ, ನೆಲವನ್ನು ಒದ್ದೆ ಮಾಪಿನಿಂದ ಒರೆಸಿ. ಆ ನೀರನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಚೆಲ್ಲಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಸಣ್ಣ ಕಣಗಳನ್ನು ಹಿಂದಿನಿಂದ ಊದಿಬಿಡುತ್ತದೆ, ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಆಗಬೇಕು. ಮಣ್ಣು ಹತ್ತಿದ ಏಪ್ರನ್ ಒಣಗಿದ ಮೇಲೆ ಪ್ರತಿ ಸಲ ಅಲುಗಿದಾಗಲೂ ಧೂಳು ಬಿಡುತ್ತದೆ, ಕೆಲಸ ಮುಗಿದ ದಿನವೇ ಒಗೆಯಿರಿ. ಒಣ ಪಾತ್ರೆಗೆ ಮರಳುಕಾಗದ ಉಜ್ಜಬೇಡಿ. ಅರೆ ಒಣಗಿದ ಹದದಲ್ಲೇ ಕೆತ್ತಿ ಮುಗಿಸಿ, ಉಳಿದ ಒರಟನ್ನು ಬಿಸ್ಕ್ ಆದ ಮೇಲೆ ನೀರು ಹಾಕಿ ಉಜ್ಜಿ.

ಬಟ್ಟೆಯ ಮಾಸ್ಕ್ ಈ ಕಣಗಳನ್ನು ತಡೆಯದು. ಗ್ಲೇಜ್ ಪುಡಿ ಬೆರೆಸುವಾಗ ಸಣ್ಣ ಕಣಗಳನ್ನು ಸೋಸುವ ಎನ್95 ಅಥವಾ ಪಿ100 ಮಾಸ್ಕ್ ಬೇಕು, ಅದೂ ಮುಖಕ್ಕೆ ಬಿಗಿಯಾಗಿ. ಗಡ್ಡ ಇದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ, ಮೆಲ್ಲಗೆ. ಬೇರಿಯಂ ಕಾರ್ಬೊನೇಟ್ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ವಿಷಕಾರಿ. ಮಕ್ಕಳಿರುವ ಮನೆಗೆ ಅವನ್ನು ತರಲೇಬೇಡಿ. ಅಡುಗೆಮನೆಯ ಚಮಚ, ಜರಡಿ, ಮಿಕ್ಸಿ ಇಲ್ಲಿಗೆ ಬಂದರೆ ವಾಪಸ್ ಹೋಗಬಾರದು.

ಕಿಲ್ನ್ ವಿಷಯ: ಜನ ಕೂರುವ, ಮಲಗುವ ಕೋಣೆಯಲ್ಲಿ ಬೇಡ. ಸುಡುವಾಗ ಕಾರ್ಬನ್ ಮೊನಾಕ್ಸೈಡ್ ಮತ್ತು ಸಲ್ಫರ್ ಡೈಆಕ್ಸೈಡ್ ಹೊರಬರುತ್ತವೆ. ಹೊಗೆಯನ್ನು ಹೊರಗೆ ಒಯ್ಯುವ ವೆಂಟ್, ಕಿಲ್ನ್‌ಗೇ ಮೀಸಲಾದ ವಿದ್ಯುತ್ ಲೈನ್, ಗೋಡೆಯಿಂದ ಕನಿಷ್ಠ 45 ಸೆಂ.ಮೀ. ಅಂತರ ಬೇಕು. ತಯಾರಕರು ಹೆಚ್ಚು ಅಂತರ ಹೇಳಿದ್ದರೆ ಅಷ್ಟನ್ನೇ ಬಿಡಿ.

ಪ್ರಶ್ನೆ: ಬಿಸ್ಕ್‌ನಲ್ಲಿ ಪಾತ್ರೆಗಳು ಸಿಡಿದವು. ಮಣ್ಣಿನಲ್ಲಿ ಗಾಳಿಗುಳ್ಳೆ ಉಳಿದಿತ್ತೇ?

ಗಾಳಿ ಸಿಡಿಸುವುದಿಲ್ಲ, ನೀರು ಸಿಡಿಸುತ್ತದೆ. 100 ಡಿಗ್ರಿ ದಾಟಿದಾಗ ಒಳಗೆ ಸಿಕ್ಕಿಕೊಂಡ ತೇವ ಆವಿಯಾಗಿ ಗೋಡೆಯನ್ನು ಸೀಳುತ್ತದೆ. ಪಾತ್ರೆಯ ತಳವನ್ನು ಕೆನ್ನೆಗೆ ಹಿಡಿದಾಗ ತಣ್ಣಗೆ ತಾಕಿದರೆ ಅದಿನ್ನೂ ಒಣಗಿಲ್ಲ. 1 ಸೆಂ.ಮೀ.ಗಿಂತ ದಪ್ಪ ಇರುವುದನ್ನು ಹಸಿಯಲ್ಲೇ ಟೊಳ್ಳು ಮಾಡಿ. ಕಿಲ್ನನ್ನು 80-90 ಡಿಗ್ರಿಯಲ್ಲಿ ಕೆಲವು ಗಂಟೆ ನಿಲ್ಲಿಸಿ, ಇಣುಕುಕಿಂಡಿಯ ಮುಂದೆ ಕನ್ನಡಿ ಹಿಡಿಯಿರಿ. ಅದರ ಮೇಲೆ ಮಂಜು ಕಟ್ಟುವುದು ನಿಂತ ಮೇಲಷ್ಟೇ ತಾಪ ಏರಿಸಿ.