ಕರೆಯೋಲೆಯಲ್ಲಿ ಭಾವನ ಹೆಸರೇಕೆ?

ಡೊಂಬಿವಲಿಯ ತಾಯಿಯೊಬ್ಬರ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಗಳ ನಿಶ್ಚಿತಾರ್ಥದ ದಿನ ಗಂಡನ ಅಣ್ಣ ಕುಡಿದು ಮನೆಗೆ ಬಂದರು. ಊರಿನ ಮನೆಯ ಪಾಲಿನ ಜಗಳ ತೆಗೆದು, ಬೀಗರ ಎದುರೇ ತಾಯಿಗೂ ಮಗಳಿಗೂ ಬಾಯಿಗೆ ಬಂದಂತೆ ಬೈದರು. ಬೆಳಗಿನ ಜಾವ ಮಾಟುಂಗಕ್ಕೆ ಹೋಗಿ ತಂದಿದ್ದ ಮಲ್ಲಿಗೆಯ ತಟ್ಟೆಯನ್ನು ಒದ್ದರು. ರೇಷ್ಮೆ ಸೀರೆ ಉಟ್ಟ ಹುಡುಗಿ ನೆಲದ ಮೇಲೆ ಕೂತು ಹೂ ಆರಿಸಿದಳಂತೆ. ಮುಂದಿನ ತಿಂಗಳು ಮುಲುಂಡಿನ ಹಾಲ್‌ನಲ್ಲಿ ಮದುವೆ. ಭಾವ ಅಲ್ಲಿಗೆ ಬರದಂತೆ ಪೊಲೀಸರ ಬಳಿ ಹೋಗಬಹುದೇ, ಕೋರ್ಟಿನಿಂದ ತಡೆಯಾಜ್ಞೆ ತರಬಹುದೇ ಎಂದು ಕೇಳಿದ್ದಾರೆ.

ಅಮ್ಮಾ, ಎರಡೂ ಆಗುತ್ತದೆ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿದೆ: "ಮದುವೆ ಪತ್ರಿಕೆ ಅಚ್ಚಿಗೆ ಕೊಟ್ಟಾಗಿದೆ, ಹಿರಿಯರಲ್ಲವೇ ಎಂದು ಇವರು ಭಾವನ ಹೆಸರನ್ನೇ ಮೊದಲು ಹಾಕಿಸಿದ್ದಾರೆ." ನನ್ನ ನಿದ್ದೆ ಕೆಡಿಸಿದ್ದು ಈ ಸಾಲು.

ಕಾನೂನು ಕೇಳುವ ಮೊದಲ ಪ್ರಶ್ನೆಯೇ ಅದು: ಅವರನ್ನು ಕರೆದವರು ಯಾರು? ಹಳೆಯ ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಪ್ರಕಾರ, ಸರಿಯಾಗಿಯೇ ಒಳಗೆ ಬಂದವರೂ ಅವಮಾನಿಸಲು, ಹೆದರಿಸಲು, ಕಿರುಕುಳ ಕೊಡಲು ಅಲ್ಲೇ ಅಕ್ರಮವಾಗಿ ಉಳಿದರೆ ಅದು ಅತಿಕ್ರಮ ಪ್ರವೇಶ. 3 ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ "ಬರಬೇಡ", "ಹೊರಗೆ ಹೋಗು" ಎಂದು ಯಾರಾದರೂ ಹೇಳಿರಬೇಕಲ್ಲ? ಆಗಮನಾಭಿಲಾಷಿಗಳ ಸಾಲಿನಲ್ಲಿ ಮೊದಲ ಹೆಸರೇ ಅವರದಾದರೆ, ಮುಲುಂಡಿನ ಪೊಲೀಸರು ಆ ಪತ್ರಿಕೆ ನೋಡಿ "ಇದು ನಿಮ್ಮ ಮನೆಯೊಳಗಿನ ವಿಷಯ" ಎಂದು ಎದ್ದುಹೋಗುತ್ತಾರೆ.

ಭಾವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಪಾಲಿನ ವಿಷಯದಲ್ಲಿ ಅವರಿಗೂ ನೋವಿರಬಹುದು, ಅದನ್ನು ಕೇಳಲು ಊರಿನ ಕೋರ್ಟಿದೆ. ನನಗೆ ಸಿಟ್ಟು ನಿಮ್ಮ ಯಜಮಾನರ ಮೇಲೆ. ಮಗಳು ನೆಲದಲ್ಲಿ ಹೂ ಆರಿಸುವಾಗ ಸುಮ್ಮನೆ ನಿಂತವರು, ಅದೇ ಅಣ್ಣನ ಹೆಸರನ್ನು ಅವಳ ಮದುವೆ ಪತ್ರಿಕೆಯ ಮೇಲೆ ಹಾಕಿಸಿದ್ದಾರೆ. ಅಣ್ಣನಿಗೆ ಕೊಡುವ ಮರ್ಯಾದೆಯನ್ನು ಮಗಳ ಪಾಲಿನಿಂದ ತೆಗೆದು ಕೊಡಬಾರದು.

ಉಳಿದದ್ದು ಬೇಗ ಹೇಳುತ್ತೇನೆ. ನಿಶ್ಚಿತಾರ್ಥದ ದಿನದ ಬೈಗುಳಕ್ಕೆ ಡೊಂಬಿವಲಿ ಠಾಣೆಯಲ್ಲಿ ಎನ್‌ಸಿ, ಅಂದರೆ ಸಣ್ಣ ಅಪರಾಧದ ದೂರು ಬರೆಸಿ, ಪ್ರತಿ ಕೇಳಿ ಪಡೆಯಿರಿ. ಅದರ ನಕಲು ಇಟ್ಟು ಮುಲುಂಡ್ ಠಾಣೆಗೆ ಮದುವೆಯ ತಾರೀಖು, ಹಾಲ್ ವಿಳಾಸ ಬರೆದು ಅರ್ಜಿ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಲು ಕೋರಿ. ಮುಂಬೈಯಲ್ಲಿ ಚಾಪ್ಟರ್ ಕೇಸ್ ಅನ್ನುವುದು ಇದನ್ನೇ. ಒಂದು ವರ್ಷದವರೆಗೆ ಕಟ್ಟಿಹಾಕುತ್ತದೆ. ತಡೆಯಾಜ್ಞೆಗೆ ಸಿವಿಲ್ ದಾವೆ ಹೂಡಬೇಕು. ತಿಂಗಳೊಳಗಿನ ಮದುವೆಗೆ ನಾನು ಆ ದಾರಿ ಹೇಳುವುದಿಲ್ಲ. ವಕೀಲರ ಖರ್ಚಿಗೆ ಹೆದರಬೇಡಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಮದುವೆಯ ದಿನ ಗಲಾಟೆಯಾದರೆ 112.

ಬಾಯಿಮಾತು ಸಾಲದು, ಬರೆದುಕೊಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ. ಈ ಸಲ ಬರೆಯಬೇಕಾದವರು ನೀವಲ್ಲ. ಅಣ್ಣನ ಮೊಬೈಲಿಗೆ ನಿಮ್ಮ ಯಜಮಾನರೇ, ತಮ್ಮ ಕೈಯಾರೆ, ಇವತ್ತೇ ಕಳಿಸಲಿ: "ನಿಶ್ಚಿತಾರ್ಥದ ದಿನ ನಡೆದದ್ದರಿಂದ ನಿನ್ನನ್ನು ಮದುವೆಗೆ ಕರೆಯುತ್ತಿಲ್ಲ. ಹಾಲ್‌ಗೆ ಬರಬೇಡ." ಅದನ್ನು ಕಳಿಸುವವರೆಗೆ ಒಂದು ಪತ್ರಿಕೆಯನ್ನೂ ಹಂಚಬೇಡಿ. ಅಚ್ಚಿನವರಿಗೆ ಬೆಳಗ್ಗೆ ಅಂಗಡಿ ತೆರೆಯುತ್ತಲೇ ಫೋನ್ ಮಾಡಿ ಆ ಹೆಸರು ತೆಗೆಸಿ.