ಮನೆ ಅಂಗಳದಲ್ಲಿ ನಡೆಯುವ ಮದುವೆಯ ಫೋಟೋ ಹೇಗೆ ತೆಗೆಯಬೇಕು?

ನೀವು ಕೇಳಿದ್ದು ಇಷ್ಟು: ಏಪ್ರಿಲ್ ಕೊನೆಗೆ ಸಾಗರದ ಹತ್ತಿರದ ಹಳ್ಳಿಯಲ್ಲಿ ಗೆಳತಿಯ ಮದುವೆ. ಛತ್ರ ಇಲ್ಲ, ಅಂಗಳದಲ್ಲೇ ಚಪ್ಪರ. ಗೋಡೆಗೆ ಹಸೆ ಚಿತ್ತಾರ ಬರೆಯುವುದರಿಂದ ಹಿಡಿದು ಅಡುಗೆವರೆಗೆ ಎಲ್ಲ ಮನೆಯವರು, ಊರವರೇ ಮಾಡುತ್ತಾರೆ. ನಿಮ್ಮ ಹತ್ತಿರ ಒಂದು ಕ್ಯಾಮೆರಾ, 35 ಮತ್ತು 85 ಎಂಎಂ ಲೆನ್ಸ್ ಇವೆ. ಮುಹೂರ್ತದ ಫೋಟೋ ಚೆನ್ನಾಗಿ ಬರಲು ಏನು ಮಾಡಬೇಕು?

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಮದುವೆ ಫೋಟೋ ತೆಗೆಯುವವನು. ಮುಹೂರ್ತದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು, ಮದುವೆ ದಿನ ಬೆಳಿಗ್ಗೆ ಹೋದರೆ ಸಾಕು ಅಂದುಕೊಳ್ಳಬೇಡಿ. ಚಪ್ಪರ ಹಾಕುವ ದಿನವೇ ಹೋಗಿ.

ಛತ್ರದ ಮದುವೆಗೆ ಅಲಂಕಾರ ರಾತ್ರಿ ವ್ಯಾನಿನಲ್ಲಿ ಬರುತ್ತದೆ, ಮರುದಿನ ವ್ಯಾನಿನಲ್ಲೇ ಹೋಗುತ್ತದೆ. ಅಂಗಳದ ಮದುವೆಯಲ್ಲಿ ಹಾಗಲ್ಲ. ತೋಟದಿಂದ ಅಡಿಕೆ ಕಂಬ ತರುವವರು, ಏಣಿ ಹತ್ತಿ ಸೋಗೆ (ಅಡಿಕೆ ಗರಿ) ಹೊದಿಸುವವರು, ತೆಂಗಿನ ಗರಿ ಹೆಣೆಯುವವರು, ಮಾವಿನ ತೋರಣ ಕಟ್ಟುವವರು, ಹಿಂಗಾರ (ಅಡಿಕೆ ಹೂವಿನ ಗೊಂಚಲು) ತಂದು ಮಂಟಪಕ್ಕೆ ಸಿಕ್ಕಿಸುವವರು, ಎಲ್ಲರೂ ಮದುಮಗಳನ್ನು ಚಿಕ್ಕಂದಿನಿಂದ ನೋಡಿದವರೇ. ಅವರೆಲ್ಲ ಸೇರಿ ಕೆಲಸ ಮಾಡುವ ಹೊತ್ತಿಗೇ ಮದುವೆ ಶುರುವಾಗಿರುತ್ತದೆ. ಮುಹೂರ್ತಕ್ಕೆ ಬಂದವರಿಗೆ ಕಾಣುವುದು ಕಟ್ಟಿ ಮುಗಿದ ಚಪ್ಪರ ಮಾತ್ರ.

ಇಲ್ಲಿ ಒಂದು ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಈಗ ಕೈಗಳ ಕ್ಲೋಸಪ್ ಫ್ಯಾಷನ್ ಆಗಿದೆ. ಹೂ ಕಟ್ಟುವ ಬೆರಳು, ರಂಗೋಲಿ ಬಿಡುವ ಬೆರಳು, ಹಿಂದೆಲ್ಲ ಮಸುಕು. ನೋಡಲು ಚೆಂದ. ಆದರೆ ಇಪ್ಪತ್ತು ವರ್ಷ ಬಿಟ್ಟು ಆಲ್ಬಂ ತೆರೆದಾಗ ಅದು ಯಾರ ಕೈ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೈ ತೆಗೆದರೆ ಅದರ ಜೊತೆಗೆ ಮುಖವೂ ಬರುವ ಒಂದು ಫೋಟೋ ತೆಗೆಯಿರಿ. 35 ಎಂಎಂ ಹಾಕಿ, ನೀವೂ ನೆಲದ ಮೇಲೆ ಕೂತು, ಹತ್ತಿರದಿಂದ. ಹೆಸರು ಕೇಳಿ ಬರೆದುಕೊಳ್ಳಿ. ಅಜ್ಜಿಯರು ಮೊದಲು "ನನ್ನದೆಂತಕ್ಕೆ, ಮದುಮಗಳದ್ದು ತೆಗಿ" ಅನ್ನುತ್ತಾರೆ. ಒತ್ತಾಯ ಮಾಡಬೇಡಿ. ಪಕ್ಕದಲ್ಲಿ ಕೂತು ನೀವೂ ನಾಲ್ಕು ಎಲೆ ಒರೆಸಿ ಕೊಡಿ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಇರುವುದು ಅವರಿಗೆ ಮರೆತುಹೋಗುತ್ತದೆ.

ಹಸೆ ಚಿತ್ತಾರ ಬರೆಯುತ್ತಾರೆ ಎಂದಿರಲ್ಲ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಉಳಿಸಿಕೊಂಡು ಬಂದ ಕಲೆ ಅದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಗೆರೆಗಳು ತುಂಬ ಸಣ್ಣ, ನೇರ. ಫ್ಲ್ಯಾಶ್ ಎದುರಿನಿಂದ ಹೊಡೆದರೆ ಗೋಡೆ ಚಪ್ಪಟೆಯಾಗಿ ಕಾಣುತ್ತದೆ, ಕೆಮ್ಮಣ್ಣಿನ ತರಿ ಕಾಣುವುದೇ ಇಲ್ಲ. ಬಾಗಿಲಿನಿಂದಲೋ ಕಿಟಕಿಯಿಂದಲೋ ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೆಳಕು ಬರುವ ಹೊತ್ತು ನೋಡಿಕೊಳ್ಳಿ. ಬರೆಯಲು ಶುರು ಮಾಡಿದಾಗ ಒಂದು, ಅರ್ಧ ಆದಾಗ ಒಂದು, ಮುಗಿದ ಮೇಲೆ ಬರೆದವರನ್ನು ಅದರ ಮುಂದೆ ನಿಲ್ಲಿಸಿ ಒಂದು. ಈ ಕೊನೆಯದನ್ನು ಬಿಡಬೇಡಿ.

ಇನ್ನು ಬೆಳಕು. ಏಪ್ರಿಲ್ ಕೊನೆಯ ವಾರದಲ್ಲಿ ಸಾಗರದ ಕಡೆ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ. ಬಿಸಿಲಿಗೆ ನಿಲ್ಲಿಸಿದರೆ ಕಣ್ಣಿನ ಗುಳಿಯಲ್ಲಿ ನೆರಳು, ಮೂಗಿನ ಕೆಳಗೆ ನೆರಳು. ಚಪ್ಪರದ ಒಳಗೆ ಇನ್ನೊಂದು ತೊಂದರೆ: ಸೋಗೆಯ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳುತ್ತವೆ. ಚುಕ್ಕೆ ಬಿದ್ದ ಜಾಗ ಪೂರ್ತಿ ಬೆಳ್ಳಗಾಗಿ, ಉಳಿದದ್ದು ಕಪ್ಪಾಗುತ್ತದೆ. ಕಂಪ್ಯೂಟರಿನಲ್ಲಿ ಸರಿ ಮಾಡಲು ಕೂತರೆ ದಿನವೇ ಹೋಗುತ್ತದೆ.

ಪರಿಹಾರ ಸುಲಭ. ಹಿಂದಿನ ದಿನ, ಮುಹೂರ್ತದ ಹೊತ್ತಿಗೇ ಸರಿಯಾಗಿ ಹಸೆಮಣೆ ಇಡುವ ಜಾಗದಲ್ಲಿ ಒಬ್ಬರನ್ನು ಕೂರಿಸಿ ನೋಡಿ. ಚುಕ್ಕೆ ಬಿದ್ದರೆ ಅಲ್ಲಿಗೆ ಮಾತ್ರ ಇನ್ನೊಂದು ಪದರ ಸೋಗೆ ಹಾಕಿಸಿ. ಎರಡು ದಿನದಿಂದ ಅವರ ಜೊತೆಗೇ ಇದ್ದವರಾದರೆ ಈ ಮಾತನ್ನು ಸಲೀಸಾಗಿ ಹೇಳಬಹುದು, ಅವರೂ ಖುಷಿಯಿಂದ ಮಾಡಿಕೊಡುತ್ತಾರೆ. ಮಳೆ ಬಂದೀತೆಂದು ಮೇಲೆ ನೀಲಿ ಟಾರ್ಪಾಲ್ ಎಳೆಯುವ ಯೋಚನೆ ಇದ್ದರೆ, ಮಂಟಪದ ಮೇಲ್ಭಾಗದಲ್ಲಾದರೂ ಬಿಳಿಯದು ಹಾಕಲು ಕೇಳಿ. ನೀಲಿ ಪ್ಲಾಸ್ಟಿಕ್ಕಿನಿಂದ ಸೋಸಿ ಬಂದ ಬೆಳಕಲ್ಲಿ ಕೆಂಪು ತುಂಬ ಕಡಿಮೆ. ಅರಿಶಿನ, ಕುಂಕುಮ, ರೇಷ್ಮೆ ಸೀರೆ ಎಲ್ಲದರ ಬಣ್ಣವೂ ಕೆಡುತ್ತದೆ. ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ. ಮಂಟಪದ ಒಳಗೇ ಒಂದು ಬಿಳಿ ಪಂಚೆ ಹಿಡಿದು ಸೆಟ್ ಮಾಡಿಕೊಳ್ಳಿ, ಆಮೇಲೆ ಬಣ್ಣ ತಿದ್ದಲು ಸುಲಭವಾಗುವ ರಾ (RAW) ಫೈಲಿನಲ್ಲಿ ತೆಗೆಯಿರಿ. ಹಿಂದಿನ ತೋಟಕ್ಕೆ ಬಿಸಿಲು ಹೊಡೆದು ಬೆಳ್ಳಗಾದರೂ ಪರವಾಗಿಲ್ಲ, ಎಕ್ಸ್‌ಪೋಷರ್, ಅಂದರೆ ಬೆಳಕಿನ ಅಳತೆ, ಮುಖಕ್ಕೆ ಇರಲಿ.

ಮುಹೂರ್ತದ ಹೊತ್ತಿಗೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಪುರೋಹಿತರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ತಾಳಿ ಕಟ್ಟುವಾಗ ಯಾರು ಯಾವ ಕಡೆಗೆ ತಿರುಗುತ್ತಾರೆ, ಹಿಂದೆ ಯಾರು ನಿಲ್ಲುತ್ತಾರೆ, ಅವರು ಹೇಳುತ್ತಾರೆ. ಅಂತರಪಟ ಇದ್ದರೆ ಎರಡೂ ಕಡೆ ನೀವೊಬ್ಬರೇ ಇರಲು ಆಗುವುದಿಲ್ಲ. ಮದುಮಗಳ ಮುಖ ಕಾಣುವ ಕಡೆ ನೀವು ನಿಲ್ಲಿ, ಇನ್ನೊಂದು ಕಡೆಗೆ ಕೈ ನಡುಗದ ಯಾರಿಗಾದರೂ ಫೋನ್ ಕೊಟ್ಟು ನಿಲ್ಲಿಸಿ. 85 ಹಾಕಿಕೊಂಡರೆ ದೂರವೇ ಇರಬಹುದು. ಕೂತೇ ತೆಗೆಯಿರಿ, ಹಿಂದೆ ಕೂತ ಹಿರಿಯರಿಗೂ ಧಾರೆ ಕಾಣಬೇಕಲ್ವಾ. ಅಕ್ಷತೆ ಬೀಳುವಾಗ ಶಟರ್ ವೇಗ 1/1000 ಸೆಕೆಂಡಿಗೆ ಏರಿಸಿ, ಕಾಳು ಕಾಳಾಗಿ ನಿಲ್ಲುತ್ತದೆ. ತಾಳಿ ಕಟ್ಟಿದ ತಕ್ಷಣ ಕ್ಯಾಮೆರಾ ಜನರ ಕಡೆಗೆ ತಿರುಗಲಿ. ಮಗಳ ಅಪ್ಪನ ಮುಖ ಆ ಕ್ಷಣದಲ್ಲಿ ಮಾತ್ರ ಹಾಗಿರುತ್ತದೆ.

ಡ್ರೋನ್ ಬೇಡ ಅಂತ ನನ್ನ ಸಲಹೆ. ಸೋಬಾನೆ ಹಾಡುವವರ ದನಿ ಮುಚ್ಚಿಹೋಗುತ್ತದೆ.

ಗುಂಪು ಫೋಟೋಗೆ ಜಗಲಿ ಮೆಟ್ಟಿಲು ಒಳ್ಳೆಯ ಜಾಗ, ಮೂರು ಸಾಲಿನಲ್ಲಿ ಎಲ್ಲರ ಮುಖವೂ ಕಾಣುತ್ತದೆ. ತೋಟದಲ್ಲಿ ತೆಗೆಯಬೇಕು ಅನ್ನಿಸಿದರೆ ಅಂಚಿನಲ್ಲೇ ನಿಲ್ಲಿಸಿ. ತೀರ ಒಳಗೆ ಹೋದರೆ ಎಲೆಗಳ ಹಸಿರು ಮುಖಕ್ಕೆ ಹೊಡೆಯುತ್ತದೆ. ಊಟದ ಪಂಕ್ತಿಯನ್ನು ಎಲೆಗೆ ಬಡಿಸುವಾಗಲೇ ತೆಗೆದು ಮುಗಿಸಿ, ಉಣ್ಣುವವರ ಬಾಯಿಗೆ ಲೆನ್ಸ್ ಹಿಡಿಯುವುದು ಬೇಡ.

ಸಂಜೆ ಸೀರಿಯಲ್ ಲೈಟ್ ಹಾಕಿದರೆ ಫೋಟೋದಲ್ಲಿ ಅಡ್ಡ ಪಟ್ಟಿಗಳು ಬರಬಹುದು. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಸುತ್ತಿಗೆ ಎರಡು ಸಲ ಏರಿಳಿತ. ಹಾಗಾಗಿ ಕೆಲವು ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಅಥವಾ 1/50ಕ್ಕೆ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಆ ತಿಂಗಳು ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಮಾಮೂಲು, ಜೊತೆಗೆ ಕರೆಂಟೂ ಹೋಗುತ್ತದೆ. ಬ್ಯಾಟರಿಗಳನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ. ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್, ಒಣ ಟವೆಲ್ ಬ್ಯಾಗಲ್ಲಿರಲಿ. ಮಳೆ ಬಂದರೂ ತೆಗೆಯುವುದು ನಿಲ್ಲಿಸಬೇಡಿ. ಎಲ್ಲರೂ ಸೇರಿ ಅಕ್ಕಿ ಮೂಟೆ, ಪಾತ್ರೆ ಒಳಗೆ ಸಾಗಿಸುವುದೂ ಆ ಮದುವೆಯ ಭಾಗವೇ.

ಮನೆಗೆ ಬಂದ ದಿನವೇ ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ. ಆಮೇಲೆ ಹೆಸರು ಬರೆದುಕೊಂಡ ಪಟ್ಟಿ ತೆಗೆದು, ಚಪ್ಪರ ಹಾಕಿದವರಿಗೆ, ಚಿತ್ತಾರ ಬರೆದವರಿಗೆ, ಅಡುಗೆಗೆ ನಿಂತವರಿಗೆ ಅವರವರ ಫೋಟೋ ಒಂದೊಂದು ಪ್ರಿಂಟ್ ಹಾಕಿಸಿ ಗೆಳತಿಯ ಕೈಯಲ್ಲಿ ಕೊಡಿಸಿ. ವಾಟ್ಸಾಪಿನಲ್ಲಿ ಕಳಿಸಿದ್ದು ಫೋನಿನ ಜೊತೆಗೇ ಹೋಗುತ್ತದೆ, ಪ್ರಿಂಟ್ ಗೋಡೆ ಮೇಲೆ ಉಳಿಯುತ್ತದೆ.

ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ, ಮುಹೂರ್ತ ಎಷ್ಟು ಹೊತ್ತಿಗೆ ಅಂತ ತಿಳಿಸಿದರೆ ನೀವು ಎಲ್ಲಿ ನಿಲ್ಲುವುದು ಒಳ್ಳೆಯದು ಅಂತ ಹೇಳುತ್ತೇನೆ.